ಸುಗಟೂರಿನಲ್ಲಿ ಎರಡು ಬಸಿರು

ಬಾಗಿಲು ತೆಗೆದ ಹೆಂಗಸಿಗೂ ತನ್ನಷ್ಟೇ ದೊಡ್ಡ ಹೊಟ್ಟೆ ಇರುವುದನ್ನು ಕಂಡು, ವಾಣಿಶ್ರೀ ತಾನು ನೀರು ಕೇಳಬೇಕೆಂಬುದನ್ನೇ ಮರೆತಳು.

ಆ ಹೊಟ್ಟೆ ಅಲ್ಲಿ ಇರಬಾರದಿತ್ತು. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಿಲ್ಲ, ಇನ್ನು ಆಗುವುದೂ ಇಲ್ಲ ಎಂದೇ ಅಲ್ಲವೇ ಸುಗಟೂರಿನ ಈ ಸುನಂದ ಮತ್ತು ಅವಳ ಗಂಡ ಶಿವಶಂಕರ್, ವಾಣಿಶ್ರೀಗೆ ಹುಟ್ಟಲಿರುವ ಮಗುವನ್ನು ದತ್ತು ಕೇಳಿದ್ದು? ಮಾತುಕತೆಯೆಲ್ಲ ಕೋಲಾರದ ವಕೀಲರೊಬ್ಬರ ಮೂಲಕ ನಡೆದಿತ್ತು. ಎರಡು ಕಡೆಯವರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಹೆರಿಗೆಯಾಗಿ ಪತ್ರ ರಿಜಿಸ್ಟರ್ ಆಗುವ ತನಕ ಬೇಡ ಅನ್ನುವ ಹಕ್ಕು ನಿನಗಿದೆ ಎಂದು ವಕೀಲರು ಹೇಳಿದ್ದರು. ಹೂಂ ಅನ್ನಬೇಕೋ ಬೇಡ ಅನ್ನಬೇಕೋ ತಿಳಿಯಬೇಕಾದರೆ ಮನೆ ನೋಡಬೇಡವೇ? ವಕೀಲರ ಮೇಜಿನ ಮೇಲಿದ್ದ ಫೈಲಿನಿಂದ ವಿಳಾಸವನ್ನು ತಲೆಕೆಳಗಾಗಿಯೇ ಓದಿಕೊಂಡು, ಮಾಲೂರಿನ ಗಾರ್ಮೆಂಟ್ಸಿಗೆ ಒಂದು ದಿನ ರಜೆ ಹಾಕಿ ಬಂದಿದ್ದಳು. ಬಸುರಿಯೊಬ್ಬಳು ನೀರು ಕೇಳಿದರೆ ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ ಎಂಬ ಧೈರ್ಯ.

ಸುನಂದ ನೀರು ಕೊಟ್ಟಳು, ಫ್ಯಾನು ಹಾಕಿದಳು, ಮಜ್ಜಿಗೆ ತರುತ್ತೇನೆಂದು ಒಳಗೆ ಓಡಿದಳು. ಅಷ್ಟು ದಿನ ತುಂಬಿದ ಬಸುರಿ ಹಾಗೆ ಓಡುವುದನ್ನು ವಾಣಿಶ್ರೀ ನೋಡಿದ್ದು ಅದೇ ಮೊದಲು. ಐದು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಪಳಗಿದ ಕಣ್ಣು ಅವಳದು. ಹೋಗುವಾಗ ಎಡಕ್ಕೆ ವಾಲಿದ್ದ ಹೊಟ್ಟೆ ಬರುವಾಗ ನಟ್ಟನಡುವೆ ಬಂದು ಕೂತಿತ್ತು. ಸೆರಗಿನ ಪಿನ್ನು ಕೆಳಗೆ ಬಿದ್ದಾಗ ಸುನಂದ ಥಟ್ಟನೆ ಬಗ್ಗಿ ಎತ್ತಿಕೊಂಡು ಚೆಂಡಿನಂತೆ ಮೇಲೆದ್ದಳು. ಸಂಶಯವೇ ಇಲ್ಲ, ಸೀರೆಯೊಳಗಿರುವುದು ದಿಂಬು.

ವಾಣಿಶ್ರೀಗೆ ಮೈ ಉರಿಯಿತು. ಇರುವ ಹೊಟ್ಟೆಯನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ತಾನು ಮೂರು ತಿಂಗಳಿಂದ ಓಡಾಡುತ್ತಿದ್ದರೆ, ಇವಳು ಇಲ್ಲದ ಹೊಟ್ಟೆಯನ್ನು ಊರಿಗೆಲ್ಲ ತೋರಿಸುತ್ತಿದ್ದಾಳೆ! ಆದರೆ ಉರಿಯ ಬೆನ್ನಿಗೇ ತುಂಟತನವೂ ಬಂತು. ಮದುವೆಯಾಗುತ್ತೇನೆಂದಿದ್ದವನು ಫೋನ್ ನಂಬರನ್ನೇ ಬದಲಾಯಿಸಿಕೊಂಡ ಮೇಲೆ ಅಂಥದ್ದೊಂದು ಅವಳ ಹತ್ತಿರ ಸುಳಿದೇ ಇರಲಿಲ್ಲ. ಪಡಸಾಲೆಯಲ್ಲಿ ಸೊಪ್ಪು ಸೋಸುತ್ತ ಕೂತಿದ್ದ ಸುನಂದಳ ಅತ್ತೆ ಭಾರತಮ್ಮ, ಯಾವೂರು ತಾಯಿ ಎಂದು ಕೇಳಿದಾಗ ಕ್ಯಾಲನೂರು ಎಂದು ಸುಳ್ಳು ಹೇಳಿ, ಲೋಟ ಇಡುವ ನೆಪದಲ್ಲಿ ಸುನಂದಳ ಹಿಂದೆಯೇ ಅಡುಗೆಮನೆಗೆ ನಡೆದಳು.

“ಮಗು ಯಾವಾಗ ಒದೆಯುತ್ತೆ ಅಕ್ಕ?”

“ಬೆಳಿಗ್ಗೆ ಹತ್ತಕ್ಕೆ ಒಂದ್ಸಲ, ಸಾಯಂಕಾಲ ಐದಕ್ಕೆ ಒಂದ್ಸಲ,” ಎಂದಳು ಸುನಂದ, ಬಸ್ಸಿನ ಟೈಮು ಹೇಳುವಂತೆ.

“ನಿದ್ದೆ ಬರುತ್ತಾ?”

“ಓ, ಚೆನ್ನಾಗಿ ಬರುತ್ತೆ. ಬೋರಲು ಮಲಗಿಬಿಟ್ರೆ ಬೆಳಿಗ್ಗೇನೇ ಎಚ್ಚರ.”

ವಾಣಿಶ್ರೀಗೆ ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗುವಿಗೆ ಒಳಗಿದ್ದ ಮಗುವಿಗೂ ಎಚ್ಚರವಾಗಿ ಜೋರಾಗಿ ಒದೆಯಿತು. ಏನೂ ಯೋಚಿಸದೆ ಅವಳು ಸುನಂದಳ ಕೈ ಎಳೆದು ಅಲ್ಲಿಟ್ಟಳು. ಸುನಂದ ಕಲ್ಲಿನಂತೆ ನಿಂತುಬಿಟ್ಟಳು. ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಅವಳು ಕೈ ತೆಗೆಯಲಿಲ್ಲ. ಆಮೇಲೆ ಅತ್ತಳು. ಅಳುತ್ತಲೇ ದಿಂಬಿನ ಕಥೆಯನ್ನೂ ಹೇಳಿದಳು. ಊರು ಏನಾದರೂ ಅಂದುಕೊಳ್ಳಲಿ, ಭಯವಿದ್ದದ್ದು ಅತ್ತೆಯದು. ಬೇರೆಯವರ ಮಗು ಎಂದು ಗೊತ್ತಾದರೆ ಅವರು ಎತ್ತಿಕೊಳ್ಳುವುದಿಲ್ಲವೇನೋ ಎಂದು.

ತಾನು ಯಾರೆಂದು ವಾಣಿಶ್ರೀ ಬಾಯಿಬಿಡಲಿಲ್ಲ. ಬದಲಿಗೆ ಪಾಠ ಹೇಳಿಕೊಟ್ಟಳು. ಏಳುವಾಗ ಒಂದು ಕೈ ಮಂಡಿಗೆ, ಒಂದು ಕೈ ಸೊಂಟಕ್ಕೆ, ಕೂತಾಗ ಕಾಲು ಅಗಲ, ಓಡುವುದಂತೂ ಕೂಡದು. ಸುನಂದ ಮೂಗು ಒರೆಸಿಕೊಂಡು ಮೂರು ಸಲ ಕೂತು ಎದ್ದಳು. ಮೂರನೆಯ ಸಲ ತಾನಾಗಿಯೇ “ಅಮ್ಮಾ” ಎಂದು ನರಳಿ ಮೆಚ್ಚುಗೆ ಗಿಟ್ಟಿಸಿದಳು.

ವಾಣಿಶ್ರೀ ಹೊರಟಾಗ, ನೀನು ಕೂತಿರು ಎಂದು ಸೊಸೆಗೆ ಹೇಳಿ ಭಾರತಮ್ಮನೇ ಬಸ್ ಸ್ಟಾಪಿನವರೆಗೆ ಬಂದರು. ಅರ್ಧ ದಾರಿಗೆ ಬಂದಾಗ ಸಣ್ಣ ದನಿಯಲ್ಲಿ ಹೇಳಿದರು. “ಮೊನ್ನೆ ನನ್ನ ಸೊಸೆ ಆ ದಿಂಬನ್ನ ಒಗೆದು ಮಹಡಿ ಮೇಲೆ ಒಣಗಾಕಿದ್ಲು. ಒಂದೇ ಪಕ್ಕ ಒಣಗಿತ್ತು. ನಾನೇ ಹೋಗಿ ಮಗುಚಿ ಹಾಕ್ಬಂದೆ.”

ವಾಣಿಶ್ರೀ ನಿಂತುಬಿಟ್ಟಳು. ಮತ್ತೆ ಯಾಕೆ ಹೇಳಲಿಲ್ಲ ಎಂದಳು. ಹೇಳಿದರೆ ಪಾಪ ನಾಚಿಕೊಳ್ಳುತ್ತಾಳೆ, ಎಂದರು ಭಾರತಮ್ಮ.

“ಬೇರೆಯವರ ಮಗು ಅಲ್ವಾ ಅಮ್ಮ? ಎತ್ಕೊತೀರಾ?” ಅದನ್ನು ಕೇಳುವಾಗ ಅವಳ ದನಿಯಲ್ಲಿ ತುಂಟತನ ಇರಲಿಲ್ಲ.

ಭಾರತಮ್ಮ ಅವಳ ಹಣೆಯ ಬೆವರನ್ನು ತಮ್ಮ ಸೆರಗಿನಿಂದ ಒತ್ತಿದರು. “ನನ್ನ ಮಗ ವಕೀಲರ ಹತ್ರ ಫೋನಲ್ಲಿ ಮಾತಾಡೋದು ನಂಗೆ ಕೇಳಿಸಲ್ಲ ಅನ್ಕೊಂಡಿದಾನೆ. ಮಾಲೂರಿಂದ ಇಷ್ಟು ದೂರ ಇನ್ಮೇಲೆ ಒಬ್ಬಳೇ ಬರಬೇಡ ತಾಯಿ. ನಮ್ಮ ಮಗೂಗೆ ಆಯಾಸ ಆಗುತ್ತೆ.”

ಬಸ್ಸು ಬಂತು. ವಾಣಿಶ್ರೀ ಕಂಬಿ ಹಿಡಿದು ನಿಧಾನಕ್ಕೆ ಹತ್ತಿದಳು, ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವಷ್ಟರಲ್ಲಿ ಮುಖ ಹೊರಗೆ ಹಾಕಿದಳು.

“ಹಾಗಾದ್ರೆ ಮೊದಲು ಆ ದಿಂಬು ಬಿಚ್ಚಿಸಿ ಅಮ್ಮ. ನಾನು ಒಂಬತ್ತು ತಿಂಗಳು ಹೊತ್ತಿದ್ದಕ್ಕೆ, ಹೆಸರು ಅದರೊಳಗಿನ ಹತ್ತಿಗೆ ಹೋಗೋದು ಬೇಡ.”