ಎರಡು ಮೆಣಸಿನಕಾಯಿಯ ಬಲ

"ಒಳಗ ಇನ್ನೂ ಗಾಳಿ ಅದರೀ," ಎಂದರು ಪ್ರಭಾಕರ. ಬೆಳಗಿನಿಂದ ಅವರ ಬಾಯಲ್ಲಿ ಇದೊಂದೇ ಮಾತು. ಹಾವೇರಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಉಪಗ್ರಹ ಮಾಡುವ ಕಂಪನಿಯ ಎಂಜಿನಿಯರಾದ ಅವರು ಈಗ ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜೊಂದರ ಮೂಲೆಯ ಖೋಲಿಯಲ್ಲಿ, ಒಂದು ಉಕ್ಕಿನ ಡ್ರಮ್ಮಿನ ಮುಂದೆ ಕುಳಿತಿದ್ದರು. ಡ್ರಮ್ಮಿನೊಳಗೆ ಅವರು ಪರೀಕ್ಷಿಸಲು ಬಂದಿದ್ದ, ಸ್ಟೋರೇಜಿನ ಮಾಲೀಕರ ಸೊಸೆ ಶೈಲಾ ಕಟ್ಟಿದ ಅಂಗೈಯಗಲದ ವಿದ್ಯುತ್ ಎಂಜಿನ್ನು, ಬಾಹ್ಯಾಕಾಶದಲ್ಲಿ ಉಪಗ್ರಹವನ್ನು ದೂಡುವಂಥದ್ದು. ಡ್ರಮ್ಮಿನ ಗಾಳಿ ಪೂರಾ ಖಾಲಿಯಾಗದೆ ಅದು ಹೊತ್ತಿಕೊಳ್ಳುವುದಿಲ್ಲ. ಪಂಪು ಒದರುತ್ತಲೇ ಇತ್ತು, ಮೀಟರಿನ ಮುಳ್ಳು ಮಾತ್ರ ಹಟ ಹಿಡಿದ ಎತ್ತಿನಂತೆ ನಿಂತಲ್ಲೇ ನಿಂತಿತ್ತು.

ಶೈಲಾ ಡ್ರಮ್ಮಿನ ಬೆಸುಗೆಯುದ್ದಕ್ಕೂ ಬೆರಳಾಡಿಸಿ ನೋಡಿದಳು. ಡ್ರಮ್ಮಿನ ಬೆಸುಗೆ ಬಿಟ್ಟಿದ್ದರೆ ಕಥೆ ಮುಗಿಯಿತು, ಹೊಸದು ಮಾಡಿಸುವ ತಾಕತ್ತು ಅವಳಿಗಿಲ್ಲ. ಇವತ್ತು ಎಂಜಿನ್ನು ಹೊತ್ತದಿದ್ದರೆ ನಾಳೆಯೇ ಖೋಲಿ ತೆರವು ಎಂದು ಮಾವ ವಿಜಯಮಹಾಂತೇಶಪ್ಪ ಮೊದಲೇ ಹೇಳಿಬಿಟ್ಟಿದ್ದರು. ಸುಗ್ಗಿ ಬಂದಿತ್ತು, ಮೆಣಸಿನಕಾಯಿ ಚೀಲ ಇಡಲು ಜಾಗವಿರಲಿಲ್ಲ. ಅವರದೂ ತಪ್ಪಲ್ಲ ಬಿಡಿ, ಸೊಸೆ ಹೀಗೆ ವರ್ಷಗಟ್ಟಲೆ ಖೋಲಿ ಹಿಡಿದು ಕೂತರೆ ಯಾವ ಮಾವ ತಾಳಿಕೊಂಡಾನು!

"ಒಮ್ಮೆ ತಗದ ನೋಡೂಣ್ರಿ," ಎಂದರು ಪ್ರಭಾಕರ.

ಮುಚ್ಚಳ ತೆಗೆದದ್ದೇ ತಡ, ಗಮ್ಮೆಂದು ನಿಂಬೆಹಣ್ಣಿನ ವಾಸನೆ! ಶೈಲಾ ಟಾರ್ಚು ಹಿಡಿದು ಬಗ್ಗಿದಳು. ಎಂಜಿನ್ನಿನ ಸ್ಟ್ಯಾಂಡಿನ ಹಿಂದೆ ಕುಂಕುಮ ಹಚ್ಚಿದ ಎರಡು ನಿಂಬೆ ಹೋಳು ಸುಕ್ಕಾಗಿ ಕೂತಿದ್ದವು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅತ್ತೆ ಸೋಮವ್ವನ ಮುಖ ಸಣ್ಣದಾಯಿತು.

"ಅತ್ತೀ, ಇದೇನ್ರೀ?"

"ನಿನ್ನೆ ನೀ ಒಳಗೆಲ್ಲಾ ಒರಸಿ ಊಟಕ್ಕ ಹೋಗಿದ್ದೆಲ್ಲ, ಆವಾಗ ಇಟ್ಟೆ. ಬೆಂಗಳೂರಿಂದ ಮಂದಿ ಬರತಾರ, ಯಾರದರ ನೆದರ ತಾಗೀತು ಅಂತ. ಹೊರಗ ಇಟ್ಟಿದ್ರ ನೀ ತಗದ ಒಗಿತಿದ್ದಿ."

"ಅಯ್ಯ ಅತ್ತೀ! ಅದರ ರಸ ಆವಿ ಆಗಿ ಬರಾಕತ್ತಿತ್ರೀ. ಪಂಪ್ ಎಷ್ಟ ಜಗ್ಗಿದ್ರೂ ಡ್ರಮ್ ಹೆಂಗ ಖಾಲಿ ಆಗಬೇಕು?"

ಶೈಲಾ ಬೈಯಲೆಂದೇ ಬಾಯಿ ತೆರೆದಿದ್ದಳು, ಬಂದದ್ದು ನಗು. ನಗುನಗುತ್ತಲೇ ಕಣ್ಣು ತುಂಬಿತು. ಬೆಸುಗೆ ಬಿಟ್ಟಿಲ್ಲ, ಡ್ರಮ್ಮು ಗಟ್ಟಿಯಾಗಿದೆ! ಅಬ್ಬಾ, ಹೋದ ಜೀವ ಬಂದಂತಾಯಿತು. ಓಡಿಹೋಗಿ ಅತ್ತೆಯನ್ನು ತಬ್ಬಿಕೊಂಡಳು, ಅರ್ಧ ಚಹಾ ನೆಲದ ಪಾಲಾಯಿತು.

"ಉಳದದ್ದು ನನಗ ಕೊಡ್ರಿ," ಎಂದು ಪ್ರಭಾಕರ ಕೈಚಾಚಿದರು.

ಒರೆಸಿ, ಮುಚ್ಚಿ, ಮತ್ತೆ ಪಂಪು ಹಚ್ಚಿದರು. ಸಂಜೆಯ ಹೊತ್ತಿಗೆ ಮುಳ್ಳು ಇಳಿಯಿತು. ಶೈಲಾ ಗುಂಡಿ ಒತ್ತಿದಳು. ಡ್ರಮ್ಮಿನ ಗಾಜಿನ ಕಿಂಡಿಯಲ್ಲಿ ನೀಲಿ ಬೆಳಕು ಮೂಡಿತು, ಮೂಡಿದ್ದು ಆರಲಿಲ್ಲ.

"ಭಾಳ ಛಲೋ ಅದ," ಎಂದರು ಪ್ರಭಾಕರ. "ಇನ್ನ ಆರು ತಿಂಗಳು ಇಲ್ಲೇ ಬಿಡದ ಓಡಿಸಿ ನೋಡ್ರಿ. ತಾಳಿಕೊಂಡ್ರ ನಮ್ಮ ಉಪಗ್ರಹಕ್ಕ ಇದನ್ನ ಹಚ್ಚೂಣು." ಸುಗ್ಗಿಯಲ್ಲಿ ಇನ್ನೂ ಆರು ತಿಂಗಳು ಖೋಲಿ ಬಿಟ್ಟುಕೊಡಲು ಮಾವ ಒಪ್ಪಬೇಕಲ್ಲ ಎಂದು ಶೈಲಾ ಅತ್ತೆಯ ಕಡೆ ನೋಡಿದಳು.

ಸೋಮವ್ವ ಕಿಂಡಿಯಲ್ಲಿ ಇಣುಕಿದಳು. "ಎಷ್ಟ ಜೋರ ದೂಡತೈತಿ ಇದು?"

ಶೈಲಾ ನೆಲದಲ್ಲಿ ಬಿದ್ದಿದ್ದ ಎರಡು ಒಣ ಮೆಣಸಿನಕಾಯಿ ಆರಿಸಿ ಅತ್ತೆಯ ಅಂಗೈ ಮೇಲಿಟ್ಟಳು. "ಇವು ನಿಮ್ಮ ಕೈಯಾಗ ಎಷ್ಟ ಭಾರ ಅನಸ್ತಾವು, ಅಷ್ಟರೀ."

"ಅಯ್ಯ, ಇಷ್ಟ?"

"ಮ್ಯಾಲೆ ಗಾಳಿ ಸೈತ ಇಲ್ರೀ, ಅಡ್ಡ ಬರೋರು ಯಾರೂ ಇಲ್ಲ. ಬಿಡದ ದೂಡಿದ್ರ ಇಷ್ಟ ಸಾಕು, ಎಷ್ಟ ದೂರ ಬೇಕಾದ್ರೂ ಮುಟ್ಟತೈತಿ."

ಸೋಮವ್ವ ಅಂಗೈಯನ್ನೇ ನೋಡುತ್ತ ನಿಂತಳು. ಆಮೇಲೆ ಮುಷ್ಟಿ ಮಡಚಿ ಸೆರಗು ಸಿಗಿಸಿಕೊಂಡಳು.

"ಹಂಗಾರ ತಡಿ, ಇಲ್ಲಿ ಅಡ್ಡ ಬರೋರಿಗೆ ಒಂದ ಮಾತು ಹೇಳಿ ಬರತೇನಿ," ಎಂದವಳೇ ಗಂಡನ ಆಫೀಸಿನ ಕಡೆ ನಡೆದಳು.