ಗೋಡೆಯ ಮೇಲಿನ ದೊಡ್ಡಬಸಪ್ಪ

“ನನ್ನನ್ಯಾಕ ತಲೆಕೆಳಗ ಮಾಡೀರಿ?” ಎಂದು ಕೂಗುತ್ತಲೇ ದೊಡ್ಡಬಸಪ್ಪ ಉಸ್ತಾದರ ಕತ್ತಲೆ ಕೋಣೆಗೆ ನುಗ್ಗಿದ. ಕಂಪ್ಲಿ ಪೇಟೆಯ ಅಕ್ಕಿ ವ್ಯಾಪಾರಿ ಅವನು. ಬರುವ ವಾರದ ತಾಲ್ಲೂಕು ಬೋರ್ಡ್ ಚುನಾವಣೆಗೆ ಉಮೇದುವಾರ ಬೇರೆ. ಅವನ ಅಂಗಡಿಯ ಎದುರಿಗೆ, ಅವನದೇ ಮಳಿಗೆಯೊಂದರಲ್ಲಿ ಉಸ್ತಾದ್ ಬುಡೇನ್ ಸಾಹೇಬರು ಮಕ್ಕಳಿಗೆ ಉರ್ದು, ಲೆಕ್ಕ ಕಲಿಸುತ್ತಿದ್ದರು. ಬೆಳಕಿನ ಪಾಠಕ್ಕೆಂದು ಅವರು ಕಿಟಕಿಗೆ ಹಲಗೆ ಬಡಿದು, ಅದರಲ್ಲಿ ಕಡಲೆಕಾಳಿನಷ್ಟು ತೂತು ಕೊರೆದಿದ್ದರು. ಬೆಳಗಿನ ಬಿಸಿಲು ಅಂಗಡಿಯ ಮೇಲೆ ಬಿದ್ದರೆ ಸಾಕು, ಇಡೀ ಬೀದಿಯೇ ಆ ತೂತಿನಿಂದ ಒಳಬಂದು ಸುಣ್ಣದ ಗೋಡೆಯ ಮೇಲೆ ತಲೆಕೆಳಗಾಗಿ ಓಡಾಡುತ್ತಿತ್ತು. ಅದನ್ನು ನೋಡುವುದು ಬಿಟ್ಟು ಊರಿಗೆ ಈಗ ಬೇರೆ ಕೆಲಸವಿರಲಿಲ್ಲ.

ಉಸ್ತಾದರು ಬಾಗಿಲು ಮುಚ್ಚಿದರು. ಗೋಡೆಯ ಮೇಲೆ ಅಂಗಡಿ ಮೂಡಿತು, ಮೂಟೆಗಳು ಮೂಡಿದವು. ದೊಡ್ಡಬಸಪ್ಪ ಕಣ್ಣು ಕಿರಿದು ಮಾಡಿ ಹುಡುಕಿದ.

“ನಾನೆಲ್ಲಿ ಅದೀನ್ರಿ ಇದರಾಗ?”

“ನೀವು ಇಲ್ಲೇ ಅದೀರಲ್ಲ ಸಾವ್ಕಾರ್ರೇ.”

ಇದು ಅವನಿಗೆ ಇನ್ನೂ ದೊಡ್ಡ ಅವಮಾನವಾಗಿ ಕಂಡಿತು. ಊರೆಲ್ಲ ನೋಡಿ ನಕ್ಕ ಚಿತ್ರ ತನಗೊಬ್ಬನಿಗೇ ಕಾಣದೆಂದರೆ ಏನರ್ಥ? ಉಸ್ತಾದರು ಸಮಾಧಾನದಿಂದಲೇ ಹೇಳಿದರು: “ನೀವೊಬ್ಬರೇ ಅಲ್ರಿ, ಎಲ್ಲಾರೂ ತಲೆಕೆಳಗೇ. ಮೊನ್ನೆ ತಹಶೀಲ್ದಾರ್ರು ಹೋದ್ರು, ಅವರೂ ಹಂಗೇ ಹೋದ್ರು. ಬೆಳಕು ನೆಟ್ಟಗ ಹೋಗ್ತೈತಿ. ತೂತು ದಾಟುವಾಗ ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ ಆಗ್ತೈತಿ. ಅರಬರ ಬಸ್ರಾ ಊರಿನ ನಮ್ಮ ದೊಡ್ಡ ಪಂಡಿತರೊಬ್ಬರು ಇದನ್ನೆಲ್ಲಾ ಹಿಂದೇ ಬಿಡಿಸಿ ಹೇಳ್ಯಾರ.”

“ಬಸ್ರಾ ಎಲ್ಲೈತಿ? ಆದವಾನಿ ಆಚೀಗಾ? ಅವರಿಗೆ ತಂತಿ ಹೊಡೀರಿ, ಖರ್ಚು ನಂದು. ಊರು ಹೆಂಗರ ಇರ್ಲಿ, ನನ್ನೊಬ್ಬನ್ನ ನೆಟ್ಟಗ ಮಾಡಾಕ ಅಪ್ಪಣೆ ಕೊಡ್ಲಿ.”

“ಅವರು ತೀರಿಕೊಂಡು ಒಂಬೈನೂರು ವರ್ಷ ಆತ್ರಿ.”

“ಹಂಗಾರ ಅವರ ಮನಿಯವರಿಗೆ ಹೊಡೀರಿ!”

ಉಸ್ತಾದರಿಗೆ ನಗು ಬಂತು, ಅದನ್ನು ಗಡ್ಡದಲ್ಲೇ ಅಡಗಿಸಿಕೊಂಡರು. ದೊಡ್ಡಬಸಪ್ಪ ಮಾತ್ರ ನಗಲಿಲ್ಲ. “ನಾಳೆ ಮುಂಜಾನಿ ನಾನು ಈ ಗ್ವಾಡಿ ಮ್ಯಾಲ ನೆಟ್ಟಗ ಕಾಣಬೇಕು. ಕಂಡೀನಿ ಅಂತ ಮಂದಿ ಮುಂದ ನೀವೇ ಹೇಳಬೇಕು. ಇಲ್ಲಂದ್ರ ಮಳಿಗಿ ಖಾಲಿ ಮಾಡ್ರಿ” ಎಂದು ಹೊರಟುಹೋದ. ಮಕ್ಕಳನ್ನು ಕೂರಿಸಲು ಊರಿನಲ್ಲಿ ಉಸ್ತಾದರಿಗೆ ಬೇರೆ ಸೂರಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ ಗೋಣಿಚೀಲ ಹಾಸಿತ್ತು. ದೊಡ್ಡಬಸಪ್ಪ ರುಮಾಲು ಬಿಗಿದು, ಕಚ್ಚೆ ಭದ್ರ ಮಾಡಿಕೊಂಡು, ತಲೆಯನ್ನು ಚೀಲದ ಮೇಲೆ ಊರಿದ. ಇಬ್ಬರು ಹಮಾಲರು ಅಕ್ಕಿ ಮೂಟೆ ಎತ್ತಿದಷ್ಟೇ ಸಲೀಸಾಗಿ ಅವನ ಕಾಲುಗಳನ್ನು ಆಕಾಶಕ್ಕೆ ಎತ್ತಿ ಹಿಡಿದರು. ಅವನ ಹೆಂಡತಿ ಕೊಟ್ರಬಸಮ್ಮ ಸೆರಗು ಹೊದ್ದು, ನೋಡಿಯೇ ಬಿಡೋಣವೆಂದು ಮಂದಿಯ ಜೊತೆ ಕತ್ತಲೆ ಕೋಣೆಗೆ ಹೋದಳು.

“ಹೆಂಗ ಕಾಣ್ತೀನಿ?” ನೆಲಮಟ್ಟದಿಂದ ದನಿ ಬಂತು.

ಒಳಗಿದ್ದವರೆಲ್ಲ ಗೋಡೆಗೆ ಕಣ್ಣು ನೆಟ್ಟರು. ಗೋಡೆಯ ಮೇಲೆ ದೊಡ್ಡಬಸಪ್ಪ ನೆಟ್ಟಗೇ ಇದ್ದ, ಸುಳ್ಳಲ್ಲ. ರುಮಾಲು ಮೇಲೆ, ಪಾದ ಕೆಳಗೆ. ಆದರೆ ನೆಲವೂ ಮೇಲಿತ್ತು. ನೆತ್ತಿಯಿಂದ ನೆಲಕ್ಕೆ ಅಂಟಿಕೊಂಡು ಅವನು ಜಂತಿಗೆ ಕಟ್ಟಿದ ಸೋರೆಕಾಯಿಯ ಹಾಗೆ ಕೆಳಕ್ಕೆ ಜೋತುಬಿದ್ದಿದ್ದ. ಕಾಲ ಕೆಳಗೆ ಬರೀ ಆಕಾಶ. ತಲೆಕೆಳಗಾಗಿದ್ದ ಹಮಾಲರು ಅವನು ಬೀಳದಂತೆ ಹಿಡಿದುಕೊಂಡಿದ್ದರು.

ಉಸ್ತಾದರು ಹೊಸ್ತಿಲಿಗೆ ಬಂದರು. ‘ನೆಟ್ಟಗ ಅದೀರಿ’ ಎಂದು ಅಷ್ಟೇ ಹೇಳಿದರೆ ಮಳಿಗೆ ಉಳಿಯುತ್ತಿತ್ತು. ಅದು ಸುಳ್ಳೂ ಅಲ್ಲ. ಆದರೆ ಅರ್ಧ ಸಾಕ್ಷಿ ಹೇಳಲು ಅವರಿಗೆ ಮನಸ್ಸು ಬರಲಿಲ್ಲ.

“ಸಾವ್ಕಾರ್ರೇ, ನೀವು ನೆಟ್ಟಗ ಅದೀರಿ. ಆದ್ರ ನೆಲ ಮ್ಯಾಲೈತಿ, ನೀವು ಅದಕ್ಕ ಜೋತುಬಿದ್ದೀರಿ. ನಮಗೇ ನಷ್ಟ ಆದ್ರೂ ಸಾಕ್ಷಿ ಪೂರಾ ಹೇಳ್ರಿ ಅಂತ ನಮ್ಮ ಕುರಾನಿನ ಹುಕುಂ. ಮಾಫ್ ಮಾಡ್ರಿ.”

“ಮಳಿಗಿ ಖಾಲಿ ಮಾಡ್ರಿ!” ದೊಡ್ಡಬಸಪ್ಪನ ಮುಖ ಕೆಂಪಾಗಿತ್ತು; ಸಿಟ್ಟಿಗೋ, ರಕ್ತ ಇಳಿದದ್ದಕ್ಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಕೊಟ್ರಬಸಮ್ಮ ಹೊರಗೆ ಬಂದಳು. ಗಂಡನ ಮುಖ ಕಾಣಲೆಂದು ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು.

“ಖಾಲಿ ಮಾಡಿಸಬ್ಯಾಡ್ರಿ. ಅದೊಂದು ಕ್ವಾಣಿ ಬಿಟ್ರ ನೀವು ನೆಟ್ಟಗ ಕಾಣೋ ಜಾಗ ಈ ಊರಾಗ ಇನ್ನೆಲ್ಲೈತಿ?”

ಅವನು ಹಾಗೇ ತಲೆಕೆಳಗಾಗಿ ಯೋಚಿಸಿದ. ಮಾತು ನ್ಯಾಯವಾಗಿದೆ ಅನಿಸಿತು. “ಆತು, ಉಸ್ತಾದ್ರು ಅಲ್ಲೇ ಇರ್ಲಿ. ನನ್ನನ್ನ ಇಳಸ್ರಲೇ” ಎಂದ.

ಇಳಿದವನು ಸುಮ್ಮನೆ ಕೂರಲಿಲ್ಲ. ತಾನು ದಿನವೂ ಕಾಲು ಮೇಲೆ ಮಾಡಿ ನಿಲ್ಲಲಾಗದೆಂದು, ಅಂಗಡಿಯ ಮೇಲಿದ್ದ ತನ್ನ ಹೆಸರಿನ ಬೋರ್ಡನ್ನು ಕೀಳಿಸಿ ತಲೆಕೆಳಗಾಗಿ ಹೊಡೆಸಿದ. ಬೀದಿಯಲ್ಲಿ ಹೋಗುವವರು ಕತ್ತು ತಿರುಚಿ ಓದಬೇಕಾಯಿತು. ಕತ್ತಲೆ ಕೋಣೆಯ ಗೋಡೆಯ ಮೇಲೆ ಮಾತ್ರ ದೊಡ್ಡಬಸಪ್ಪನ ಹೆಸರು ಕಡೆಗೂ ನೆಟ್ಟಗೆ ನಿಂತಿತು. ಆದರೆ ಕನ್ನಡದ ಆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ, ಉಸ್ತಾದರ ಉರ್ದುವಿನ ಹಾಗೆ, ಬಲದಿಂದ ಎಡಕ್ಕೆ ನಡೆಯುತ್ತಿದ್ದವು.