ಮಲ್ಲವ್ವನ ನೆರಳು

ಆ ಸೀಮೆಯಲ್ಲಿ ಮತ ಹಾಕಿದವರ ನೆರಳು ಅವರಿಂದ ಕಳಚಿಕೊಂಡು, ಅವರು ಆರಿಸಿದವನ ಬೆನ್ನ ಹಿಂದೆ ಹೋಗಿ ನಿಲ್ಲುತ್ತದೆ. ಮುಂದಿನ ಚುನಾವಣೆಯ ತನಕ ಅದು ಅಲ್ಲೇ. ಗೆದ್ದವನಿಗೆ ಶಿವನ ದಯೆಯಿಂದ ನಡೆದಲ್ಲೆಲ್ಲ ತಂಪು. ಸೋತವನಿಗೆ ಬರೀ ಬಿಸಿಲು.

ಈ ಸಲ ಗುರುಪಾದಪ್ಪನ ಪಕ್ಷ ಜಿಲ್ಲೆಯಲ್ಲೆಲ್ಲ ನೆಲ ಕಚ್ಚಿತ್ತು. ಇಪ್ಪತ್ತು ವರ್ಷ ಊರಿನ ನೆರಳನ್ನೆಲ್ಲ ಎಳೆದುಕೊಂಡು ಮೆರೆದ ಆತ, ಸೋತವರ ವಾಡಿಕೆಯಂತೆ ಬಸವಣ್ಣನ ಕಟ್ಟೆಯ ಮುಂದೆ ಗೆದ್ದ ಸಂಗನಗೌಡನಿಗೆ ಹಾರ ಹಾಕಿದ. ಗೌಡನ ಹಿಂದೆ ನೆರಳುಗಳ ಸಂತೆಯೇ ನೆರೆದಿತ್ತು. ಅವುಗಳಲ್ಲೊಂದರ ಮೇಲೆ ಗುರುಪಾದಪ್ಪನ ಕಣ್ಣು ನೆಟ್ಟಿತು: ತಲೆಯ ಮೇಲೆ ಸೆರಗು, ಎಡಕ್ಕೆ ತುಸು ವಾಲಿದ ಭುಜ.

"ಯಾಕ ಕಾಕಾ, ಪರಿಚಯದವ್ರು ಯಾರರೆ ಕಂಡ್ರೇನು?" ಎಂದು ಗೌಡ ನಕ್ಕ.

ಗುರುಪಾದಪ್ಪ ಮನೆಗೆ ಬಂದಾಗ ಅಂಗಳದಲ್ಲಿ ಹೆಂಡತಿ ಮಲ್ಲವ್ವ ಜೋಳ ಕೇರುತ್ತಿದ್ದಳು. ಅವಳ ಕಾಲಬುಡದಲ್ಲಿ ನೆರಳಿರಲಿಲ್ಲ.

"ನೀನೂ ಅವನ ಹಿಂದ ಹೋದೇನ?" ಎಂದು ಆತ ಬಿಸಿಲಲ್ಲೇ ಕೂತ.

"ಇಪ್ಪತ್ತ ವರ್ಷ ನಿಮ್ಮ ಹಿಂದನ ನಿಂತಿತ್ತಲ್ರೀ. ಒಮ್ಮ್ಯಾದ್ರೂ ತಿರುಗಿ ನೋಡಿದ್ರೇನು?"

"ಇವತ್ತ ನೋಡಿದೆ. ಅಷ್ಟು ಮಂದ್ಯಾಗ ನಿಂದ ಗುರುತ ಹಿಡಿದೆ."

ಮಲ್ಲವ್ವ ಮೊರ ಕೆಳಗಿಟ್ಟಳು. ಬಿಸಿಲಿಗೆ ಕೆಂಪಾದ ಆತನ ಮುಖ ನೋಡಿ ಮನಸ್ಸು ತಡೆಯದೆ, ಸೆರಗು ಚಾಚಿ ನೆತ್ತಿಯ ಮೇಲೆ ಹಿಡಿದಳು. ಆದರೂ ಆತನ ಮುಖದ ಮೇಲಿನ ಬಿಸಿಲು ಹಾಗೆಯೇ ಇತ್ತು.

"ಸೆರಗ ಇಳಸ, ಮಲ್ಲವ್ವಾ," ಎಂದ ಗುರುಪಾದಪ್ಪ. "ನೀ ಇಲ್ಲಿ ಹಿಡದ್ರ, ತಂಪು ಅಲ್ಲಿ ಗೌಡನ ತಲಿ ಮ್ಯಾಲ ಬೀಳ್ತದ."